ರುಚಿ ನೋಡದೆ ಬರೆದ ಪರೀಕ್ಷೆ

ಏಕಾದಶಿಯಂದು ನಮ್ಮ ಮನೆಯಲ್ಲಿ ಅಡುಗೆ ಇಲ್ಲ. ಅತ್ತೆಗೂ ನನಗೂ ಪೂರ್ತಿ ಉಪವಾಸ, ನೀರೂ ಮುಟ್ಟುವುದಿಲ್ಲ. ಯಜಮಾನರು ಮಾತ್ರ ಬಾಳೆಹಣ್ಣು, ಅವಲಕ್ಕಿ ತಿಂದು ಕಾಪು ಪೇಟೆಯಲ್ಲಿರುವ ತಮ್ಮ ಝೆರಾಕ್ಸ್ ಅಂಗಡಿಗೆ ಹೋಗುತ್ತಾರೆ. ತರಕಾರಿ ಹೆಚ್ಚುವುದಿಲ್ಲ, ಕಾಯಿ ತುರಿಯುವುದಿಲ್ಲ, ತೊಳೆಯುವ ಪಾತ್ರೆಯೂ ಇಲ್ಲ. ನನ್ನಂಥವಳ ಅಡುಗೆಮನೆಗೆ ದೇವರೇ ಕೊಡುವ ರಜೆ ಅದು. ಹಾಗಾಗಿ ನನ್ನ ಆನ್‌ಲೈನ್ ಕೋರ್ಸಿನ ಕೊನೆಯ ಪರೀಕ್ಷೆಗೆ ದಿನ ಆರಿಸಿಕೊಳ್ಳಿ ಎಂದು ಲ್ಯಾಪ್‌ಟಾಪ್ ಕೇಳಿದಾಗ ನಾನು ಹಿಂದೆಮುಂದೆ ನೋಡದೆ ಏಕಾದಶಿಯನ್ನೇ ಒತ್ತಿದೆ. ದಿನವೂ ಒಳ್ಳೆಯದು, ಕರೆಯುವವರೂ ಯಾರೂ ಇಲ್ಲ. ಇಷ್ಟು ಅನುಕೂಲ ಇನ್ನಾವ ದಿನ ಸಿಗುತ್ತದೆ ಎಂದುಕೊಂಡೆ.

ಕೋರ್ಸು ಯಾಕೆ ಬೇಕಾಯಿತು ಎಂದು ಹೇಳುತ್ತೇನೆ. ಇನ್ನಂಜೆಯ ನಮ್ಮ ಮನೆಯಿಂದ ಗದ್ದೆ ದಾಟಿದರೆ ಒಂದು ಸಣ್ಣ ಶಾಲೆ ಉಂಟು. ಅಲ್ಲಿನ ಬಾಲವಾಡಿಗೆ ನಾನು ಬೆಳಗಿನ ಹೊತ್ತು ಸಹಾಯಕ್ಕೆ ಹೋಗುತ್ತಿದ್ದೆ. ಮಕ್ಕಳ ಕೈ ತೊಳೆಸುವುದು, ಹಾಡು ಹೇಳಿಸುವುದು, ಅಳುವವರನ್ನು ಎತ್ತಿಕೊಳ್ಳುವುದು ನನ್ನ ಕೆಲಸ. ಮಗಳು ದೊಡ್ಡವಳಾದ ಮೇಲೆ ಬರಿದಾಗಿದ್ದ ಮಡಿಲು ಅಲ್ಲಿ ಮತ್ತೆ ತುಂಬಿತು. ಬಾಲವಾಡಿಯ ಟೀಚರ್ ಮದುವೆಯಾಗಿ ಹೊರಟಾಗ ಮುಖ್ಯ ಶಿಕ್ಷಕಿ ನನ್ನನ್ನು ಕರೆದು ಹೇಳಿದರು:

"ನಿಮ್ಮನ್ನೇ ತೆಗೊಳ್ಳುವ ಅಂತ ನನಗೆ ಮನಸ್ಸುಂಟು. ಆದ್ರೆ ಕಮಿಟಿಯವರಿಗೆ ಸರ್ಟಿಫಿಕೇಟು ಬೇಕು. ಮಕ್ಕಳ ಶಿಕ್ಷಣದ್ದು ಒಂದು ಕೋರ್ಸು ಮಾಡಿ. ಈಗ ಎಲ್ಲ ಮನೆಯಲ್ಲೇ ಕೂತು ಮಾಡ್ಲಿಕ್ಕಾಗ್ತದಂತೆ. ಬರುವ ಜೂನ್‌ವರೆಗೆ ಹೇಗೋ ಸುಧಾರಿಸ್ತೇನೆ. ಆಮೇಲೆ ನನ್ನ ಕೈಯಲ್ಲಿಲ್ಲ."

ಜೂನಿನೊಳಗೆ ಪಾಸಾದರೆ ಮಕ್ಕಳು ನನ್ನವರು. ಇಲ್ಲದಿದ್ದರೆ ಬೇರೆ ಯಾರೋ ಬರುತ್ತಾರೆ, ಬರುವವಳಿಗೆ ಸಹಾಯಕಿ ಬೇಕೋ ಬೇಡವೋ ಅದೂ ಗೊತ್ತಿಲ್ಲ.

ಮಗಳು ಕಾರ್ಕಳದ ಹತ್ತಿರ ಕಾಲೇಜು ಓದುತ್ತಾಳೆ, ಅಲ್ಲೇ ಹಾಸ್ಟೆಲು, ಶನಿವಾರ ಬಸ್ಸು ಹಿಡಿದು ಮನೆಗೆ ಬರುತ್ತಾಳೆ. ಅವಳೇ ಒಂದು ಕಾಲೇಜಿನ ಕೋರ್ಸು ಹುಡುಕಿ ನನ್ನ ಹೆಸರು ಹಾಕಿದಳು. ತನ್ನ ಹಳೆಯ ಲ್ಯಾಪ್‌ಟಾಪನ್ನೂ ಬಿಟ್ಟು ಹೋದಳು. ಕೋರ್ಸಿನ ಅವಧಿ ಒಂದು ವರ್ಷ. ಅದರೊಳಗೆ ಯಾವಾಗ ಬೇಕಾದರೂ ಓದಬಹುದು, ಎಷ್ಟು ನಿಧಾನ ಬೇಕಾದರೂ ಹೋಗಬಹುದು. ಗಂಟೆ ಹೊಡೆಯುವವರಿಲ್ಲ, ಹಾಜರಿ ಕರೆಯುವವರಿಲ್ಲ.

"ಅಮ್ಮಾ, ಇದು ನಿನಗೆ ಅಂತಲೇ ಮಾಡಿದ ಹಾಗುಂಟು" ಎಂದಳು ಮಗಳು.

ನನಗೂ ಹಾಗೇ ಅನಿಸಿತು. ಅನ್ನ ಬೇಯುವವರೆಗೆ ಒಂದು ಪಾಠ, ಅತ್ತೆ ಮಲಗಿದಾಗ ಇನ್ನೊಂದು. ಪಾಠ ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ನನಗೆ ಮೊದಲು ತಲೆ ಬುಡ ತಿಳಿಯುತ್ತಿರಲಿಲ್ಲ. ಆದರೆ ವಿಡಿಯೋದಲ್ಲಿ ಪಾಠ ಹೇಳುವ ಮೇಡಂಗೆ ನನ್ನ ಮೇಲೆ ಸಿಟ್ಟು ಬರುವ ಭಯ ಇರಲಿಲ್ಲ. ನಿಲ್ಲಿಸಿ, ಹಿಂದೆ ತಂದು, ಮತ್ತೆ ಕೇಳಿದರೂ ಅದೇ ನಗುಮುಖ. ಪ್ರತಿ ಪಾಠದ ಕೊನೆಗೆ ಸಣ್ಣ ಪರೀಕ್ಷೆ ಇತ್ತು. ತಪ್ಪಾದರೆ ಯಾವುದು ತಪ್ಪು ಎಂದು ಅಲ್ಲೇ ತೋರಿಸುತ್ತಿತ್ತು, ಮತ್ತೆ ಬರೆಯಲು ಬಿಡುತ್ತಿತ್ತು. ಎಷ್ಟು ಸಲ ಬರೆದರೂ ಹೆಚ್ಚು ಬಂದ ಮಾರ್ಕೇ ಲೆಕ್ಕಕ್ಕೆ. ನಾನು ಪೂರ್ತಿ ಮಾರ್ಕು ಬರುವವರೆಗೆ ಬಿಡುತ್ತಿರಲಿಲ್ಲ. ಪಾಠಗಳ ಪಕ್ಕದಲ್ಲೆಲ್ಲ ಹಸಿರು ಗುರುತು ಬಿದ್ದಾಗ ಅದನ್ನು ಅತ್ತೆಗೆ ತೋರಿಸಿ ಬಂದಿದ್ದೆ.

"ಹಸಿರು ಅಂದ್ರೆ ಎಂತ?"

"ಎಲ್ಲ ಸರಿ ಅಂತ ಅತ್ತೆ."

"ಎಲ್ಲ ಸರಿ ಇದ್ರೆ ಮತ್ತೆ ಪರೀಕ್ಷೆ ಎಂತಕ್ಕೆ ಮಾರಾಯ್ತಿ?"

ನಾನು ನಕ್ಕು ಒಳಗೆ ಹೋದೆ.

ಪರೀಕ್ಷೆಯನ್ನು ಮನೆಯಲ್ಲೇ ಕ್ಯಾಮೆರಾದ ಎದುರು ಕೂತು ಬರೆಯಬಹುದಿತ್ತು. ಕೋಣೆಯನ್ನು ಸುತ್ತಲೂ ತೋರಿಸಬೇಕು, ಗೋಡೆಯ ಮೇಲೆ ಬರಹ ಇರಬಾರದು, ಒಳಗೆ ಬೇರೆ ಯಾರೂ ಬರಬಾರದು. ಹಿಂದಿನ ದಿನ ಯಜಮಾನರು ಪಂಚಾಂಗದ ಕ್ಯಾಲೆಂಡರ್ ಇಳಿಸಿದರು. ದೇವರ ಪಟಕ್ಕೂ ಕೈ ಹಾಕಿದಾಗ ಅತ್ತೆ ಬಾಗಿಲಲ್ಲೇ ನಿಂತು ತಡೆದರು.

"ಅದನ್ನು ಮುಟ್ಬೇಡ. ದೇವರು ಎಂತ ಉತ್ತರ ಹೇಳಿ ಕೊಡ್ತಾರಾ?"

"ಅಮ್ಮ, ಕೆಳಗೆ ಒಂದು ಶ್ಲೋಕ ಉಂಟಲ್ಲ. ಅವರಿಗೆ ಓದ್ಲಿಕ್ಕೆ ಗೊತ್ತಾಗುದಿಲ್ಲ, ಕಾಪಿ ಅಂತ ಎಣಿಸಿದ್ರೆ?"

ಕೊನೆಗೆ ಶ್ಲೋಕದ ಮೇಲೆ ಒಂದು ಬಿಳಿ ಕಾಗದ ಅಂಟಿಸಿ, ದೇವರನ್ನು ಅಲ್ಲೇ ಉಳಿಸಿದೆವು. ಪರೀಕ್ಷೆಯ ದಿನ ಅತ್ತೆ ಬಾಗಿಲ ಹೊರಗೆ ಮಣೆ ಹಾಕಿ ಕೂತರು. ಯಾವತ್ತೂ ಗಟ್ಟಿಯಾಗಿ ಹೇಳುವ ವಿಷ್ಣು ಸಹಸ್ರನಾಮವನ್ನು ಅವತ್ತು ಮನಸ್ಸಿನಲ್ಲೇ ಹೇಳಿದರು. ಅವರ ಪಾಲಿಗೆ ಅದು ಉಪವಾಸಕ್ಕಿಂತ ಕಷ್ಟದ ವ್ರತವಾಗಿತ್ತು.

ಒಳಗೆ ನನಗೆ ಮೊದಲ ಪ್ರಶ್ನೆಗೇ ಗಂಟಲು ಒಣಗಿತು. ಸೆಕೆಗಾಲ. ಫ್ಯಾನ್ ತಿರುಗುತ್ತಿತ್ತು, ನನ್ನ ತಲೆಯೂ ಜೊತೆಗೆ ತಿರುಗಿತು. ಪ್ರಶ್ನೆಗಳೆಲ್ಲ ಎಲ್ಲೋ ನೋಡಿದವರ ಮುಖದ ಹಾಗೆ. ಪರಿಚಯ ಉಂಟು, ಹೆಸರು ಬರುವುದಿಲ್ಲ. ಒಂದು ಉತ್ತರ ಒತ್ತಿದೆ. ತಪ್ಪೋ ಸರಿಯೋ ಎಂದು ಕಂಪ್ಯೂಟರ್ ಹೇಳಲೇ ಇಲ್ಲ. ಇಷ್ಟು ದಿನ ಪ್ರತಿ ಉತ್ತರಕ್ಕೂ ಹೂಂ ಅಥವಾ ಊಹೂಂ ಅನ್ನುತ್ತಿದ್ದದ್ದು ಅಂದು ಬಾಯಿ ಮುಚ್ಚಿ ಕೂತಿತ್ತು. ದೇವರನ್ನು ನೆನೆದು ತುಟಿ ಅಲ್ಲಾಡಿಸಿದರೆ, ಮಾತಾಡಬೇಡಿ ಎಂದು ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬಂತು. ಉದ್ದ ಉತ್ತರ ಬರೆಯುವಲ್ಲಿ ಎರಡು ಸಾಲು ಬರೆದು ಅಳಿಸಿ, ಮತ್ತೆ ಎರಡು ಸಾಲು ಬರೆದು ಅಳಿಸಿ, ಸಮಯ ಮುಗಿಯಿತು.

ಫಲಿತಾಂಶ ಬಂದ ದಿನ ಶನಿವಾರ. ಮಗಳು ಮನೆಯಲ್ಲಿದ್ದಳು. ಅವಳೇ ನೋಡಿದಳು.

"ಎಷ್ಟು?" ಎಂದೆ.

"ಒಟ್ಟು ಮಾರ್ಕು ಪಾಸಿಗಿಂತ ಜಾಸ್ತಿಯೇ ಉಂಟು ಅಮ್ಮ. ಪಾಠದ ಮಾರ್ಕು ಪೂರ್ತಿ ಬಂದಿದೆಯಲ್ಲ. ಆದ್ರೆ ಕೊನೆಯ ಪರೀಕ್ಷೆಯಲ್ಲಿ ಪ್ರತ್ಯೇಕವಾಗಿ ಪಾಸಾಗ್ಬೇಕು. ಅದರಲ್ಲಿ ಸ್ವಲ್ಪ ಕಡಿಮೆ ಆಗಿದೆ."

"ಹಾಗಾದ್ರೆ?"

"ಹಾಗಾದ್ರೆ ಫೇಲ್."

ವರ್ಷದ ಬಹುಪಾಲು ದುಡಿದದ್ದು ಒಂದು ಕಡೆ, ಎರಡು ಗಂಟೆಯ ಪರೀಕ್ಷೆ ಒಂದು ಕಡೆ. ತಕ್ಕಡಿ ಎರಡು ಗಂಟೆಯ ಕಡೆ ವಾಲಿತ್ತು. ನನಗೆ ಅಳು ಬಂತು. ಮಗಳ ಎದುರು ಅಳಬಾರದೆಂದು ಹಿತ್ತಲಿಗೆ ಹೋಗಿ ಒಣಗಿದ ಬಟ್ಟೆ ತೆಗೆಯುತ್ತ ನಿಂತೆ. ಬಾಲವಾಡಿಯ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಈ ಮಕ್ಕಳನ್ನು ಇನ್ನು ಯಾರೋ ಎತ್ತಿಕೊಳ್ಳುತ್ತಾರೆ ಎಂಬುದೇ ನನಗೆ ಸಹಿಸಲಾಗದ್ದು.

ರಾತ್ರಿ ಊಟಕ್ಕೆ ಕೂತಾಗ ಯಜಮಾನರು ಉಪವಾಸವನ್ನು ದೂರಿದರು. "ನೀರೂ ಕುಡಿಯದೆ ಪರೀಕ್ಷೆ ಬರೀಲಿಕ್ಕೆ ಹೋಗುವವಳು ನೀನೊಬ್ಬಳೇ ಇರುದು."

ಅತ್ತೆಗೆ ಅದು ತಮಗೇ ಹೇಳಿದ ಹಾಗಾಯಿತು. "ಏಕಾದಶಿಗೆ ಯಾಕೆ ಬಯ್ತಿ? ನನಗೆ ಈ ವಯಸ್ಸಲ್ಲಿ ಎಂತ ಆಗುದಿಲ್ಲ. ಅವಳಿಗೆ ಏನು ಹೇಳಿಕೊಟ್ಟಿದ್ದಾರೋ ಆ ಪೆಟ್ಟಿಗೆಯಲ್ಲಿ, ಅದನ್ನು ಕೇಳು."

ದೇವರು ದೊಡ್ಡವನು, ಇನ್ನೊಂದು ಅವಕಾಶ ಇತ್ತು. ಕೋರ್ಸಿನ ಅವಧಿ ಮುಗಿಯುವ ಮೊದಲು ಒಂದೇ ಒಂದು ಸಲ ಮತ್ತೆ ಬರೆಯಬಹುದು ಎಂದು ಮಗಳು ನಿಯಮ ಓದಿ ಹೇಳಿದಳು. ಆದರೆ ಮೊದಲಿನ ಹಾಗೆಯೇ ಓದಿದರೆ ಮೊದಲಿನ ಹಾಗೆಯೇ ಆಗುತ್ತದೆ. ಎಲ್ಲಿ ತಪ್ಪಿದೆ ಎಂಬುದು ನನಗೆ ಹೊಳೆಯುತ್ತಿರಲಿಲ್ಲ. ಹೇಳಿದರೆ ನಾಚಿಕೆ, ಒಳಗೊಳಗೆ ನಾನೂ ಉಪವಾಸವನ್ನೇ ದೂರುತ್ತಿದ್ದೆ.

ಅದೇ ವಾರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ನೈವೇದ್ಯದ ಪಾಯಸ ಮಾಡುವುದು ನನ್ನ ಪಾಲಿನ ಕೆಲಸ. ದೇವರಿಗೆ ಮಾಡುವ ಅಡುಗೆಯ ರುಚಿ ನೋಡುವಂತಿಲ್ಲ ಎಂಬುದು ನಮ್ಮಲ್ಲಿ ಮಾತಿಲ್ಲದೆ ನಡೆದು ಬಂದದ್ದು. ದಿನದ ಸಾರಾದರೆ ಅಂಗೈ ಮೇಲೆ ಒಂದು ಹನಿ ಹಾಕಿ ನೆಕ್ಕಿ, ಉಪ್ಪು ಕಡಿಮೆಯಾದರೆ ಸೇರಿಸಿ, ಹುಳಿ ಹೆಚ್ಚಾದರೆ ನೀರು ಬೆರೆಸಿ ಹೇಗೋ ದಾರಿಗೆ ತರುತ್ತೇನೆ. ನೈವೇದ್ಯಕ್ಕೆ ಅದು ನಡೆಯುವುದಿಲ್ಲ. ಹಾಕುವ ಬೆಲ್ಲ ಒಂದೇ ಸಲ ಸರಿಯಾಗಿ ಬೀಳಬೇಕು.

"ಬೆಲ್ಲ ಸರಿ ಬಿತ್ತಾ?" ಎಂದು ಅತ್ತೆ ದೇವರ ಕೋಣೆಯಿಂದ ಕೂಗಿದರು.

"ಬಿತ್ತು" ಎಂದೆ.

ಅಂದ ಕೂಡಲೇ ನನ್ನ ಕೈಯ ಸೌಟು ನಿಂತಿತು. ರುಚಿ ನೋಡದೆ ನನಗೆ ಹೇಗೆ ಗೊತ್ತಾಯಿತು? ಬಣ್ಣ ನೋಡಿ ಗೊತ್ತಾಯಿತು, ಪಾಕದ ದಪ್ಪ ನೋಡಿ ಗೊತ್ತಾಯಿತು, ಕೈಗೆ ಗೊತ್ತಾಯಿತು. ಮದುವೆಯಾದ ಹೊಸತರಲ್ಲಿ ಗೊತ್ತಾಗುತ್ತಿರಲಿಲ್ಲ. ಆಗಿನ ನನ್ನ ಪಾಯಸವನ್ನು ದೇವರು ಮಾತಾಡದೆ ಸ್ವೀಕರಿಸಿದರೂ ಊಟಕ್ಕೆ ಕೂತ ನೆಂಟರು ಮುಖ ಮುಖ ನೋಡಿಕೊಂಡದ್ದುಂಟು.

ಆ ಹಸಿರು ಗುರುತುಗಳನ್ನೆಲ್ಲ ನಾನು ಪಡೆದದ್ದು ರುಚಿ ನೋಡಿ ನೋಡಿ. ಉತ್ತರ ಒತ್ತು, ತಪ್ಪು ಅಂದರೆ ಇನ್ನೊಂದು ಒತ್ತು. ನಾಲಿಗೆ ಹೇಳಿದ ಹಾಗೆ ಉಪ್ಪು ಸೇರಿಸಿದೆ, ಅಳತೆ ಕಲಿಯಲಿಲ್ಲ. ಕೊನೆಯ ಪರೀಕ್ಷೆ ನೈವೇದ್ಯದ ಅಡುಗೆ. ಅಲ್ಲಿ ನೆಕ್ಕಿ ನೋಡಲು ಬಿಡುವುದಿಲ್ಲ. ಏಕಾದಶಿ ಪಾಪ, ಸುಮ್ಮನೆ ಬೈಗುಳ ತಿಂದಿತ್ತು.

ಅವತ್ತಿನಿಂದ ಓದುವ ಕ್ರಮ ಬದಲಾಯಿಸಿದೆ. ಒಂದು ಪಾಠ ನೋಡಿದ ಮೇಲೆ ಲ್ಯಾಪ್‌ಟಾಪ್ ಮುಚ್ಚುವುದು. ಬಸಳೆ ಹೆಚ್ಚುತ್ತ ಆ ಪಾಠವನ್ನು ಅತ್ತೆಗೆ ನಮ್ಮ ಮನೆಮಾತಾದ ತುಳುವಿನಲ್ಲಿ ಹೇಳುವುದು. ಹೇಳಲು ಬಂದರೆ ಗೊತ್ತಿದೆ, ತಡವರಿಸಿದರೆ ಗೊತ್ತಿಲ್ಲ. ಸಣ್ಣ ಪರೀಕ್ಷೆಯನ್ನು ಮತ್ತೆ ಬರೆದರೆ ಒಂದೇ ಸಲ, ತಪ್ಪು ತೋರಿಸಿದರೂ ಆ ದಿನ ಮುಟ್ಟುವುದಿಲ್ಲ. ತಪ್ಪು ಉತ್ತರಗಳ ಮುಂದೆ ಕೆಂಪು ಗುರುತುಗಳು ಬಿದ್ದವು. ನೋಡಲು ಕಷ್ಟವಾಗುತ್ತಿತ್ತು, ಆದರೆ ಈ ಕೆಂಪು ನಿಜ ಹೇಳುತ್ತಿತ್ತು.

ಅತ್ತೆ ಒಳ್ಳೆಯ ಕೇಳುಗರಲ್ಲ. ನಡುವೆ ಬಾಯಿ ಹಾಕದೆ ಇರುವುದಿಲ್ಲ.

"ಮಗು ಮೊದಲು ಆಟದಲ್ಲಿ ಕಲೀತದೆ, ಆಮೇಲೆ ಅಕ್ಷರದಲ್ಲಿ" ಎಂದು ನಾನು ಹೇಳಿದರೆ, "ಇದನ್ನು ಹೇಳ್ಲಿಕ್ಕೆ ಕಾಲೇಜು ಬೇಕಾ?" ಎಂದು ಕೇಳುತ್ತಿದ್ದರು. ಇನ್ನೊಂದು ದಿನ, ಮಕ್ಕಳ ಸಿಟ್ಟಿನ ಪಾಠ ಮುಗಿಸಿದಾಗ, "ನಿನ್ನ ಗಂಡ ಸಣ್ಣದಿರುವಾಗ ನೆಲಕ್ಕೆ ಬಿದ್ದು ಹೊರಳ್ತಿದ್ದ. ನಾನು ಹೊಡೀತಿದ್ದೆ. ಈ ಪಾಠ ಆಗ ಇರ್ಲಿಲ್ಲ" ಎಂದರು. ಅಷ್ಟು ಹೇಳಿ ಬಸಳೆಯ ದಂಟು ನನ್ನ ಕೈಯಿಂದ ತೆಗೆದುಕೊಂಡು ತಾವೇ ಹೆಚ್ಚತೊಡಗಿದರು. "ನೀನು ಹೋಗಿ ಇನ್ನೊಂದು ಪಾಠ ನೋಡು."

ಆ ಮಾತು ನನಗೆ ಸಿಕ್ಕ ದೊಡ್ಡ ಪ್ರಸಾದ.

ಎರಡನೆಯ ಪರೀಕ್ಷೆಗೆ ದಿನ ಆರಿಸಿದವರು ಅತ್ತೆಯೇ. "ದ್ವಾದಶಿ ದಿನ ಹೋಗು. ಬೆಳಿಗ್ಗೆ ಬೇಗ ಪಾರಣೆ ಆಗಿರ್ತದೆ. ಹೊಟ್ಟೆಯೂ ತುಂಬಿರ್ತದೆ, ಅಡುಗೆ ಕೆಲಸವೂ ಮುಗಿದಿರ್ತದೆ." ಈ ಸಲ ಕ್ಯಾಮೆರಾ ಬೇಡವೆಂದು ಮಣಿಪಾಲದ ಪರೀಕ್ಷಾ ಕೇಂದ್ರವನ್ನೇ ಆರಿಸಿದ್ದೆ. ಅಲ್ಲಿ ತುಟಿ ಅಲ್ಲಾಡಿದರೆ ಮನುಷ್ಯರು ನೋಡುತ್ತಾರೆ, ಮನುಷ್ಯರಿಗೆ ಅರ್ಥವಾದರೂ ಆಗಬಹುದು.

ಕತ್ತಲಿರುವಾಗಲೇ ಎದ್ದು ಅಡುಗೆ ಮಾಡಿ, ಪಾರಣೆ ಮುಗಿಸಿ ಹೊರಟೆ. ಯಜಮಾನರು ಸ್ಕೂಟರಿನಲ್ಲಿ ಕಾಪುವಿನವರೆಗೆ ಬಿಟ್ಟರು. ಉಡುಪಿಯ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಅಂಬಲಪಾಡಿ ಬಂದಾಗ ದೇವಿಯ ದೇವಸ್ಥಾನದ ದಿಕ್ಕಿಗೆ ಕೈ ಮುಗಿದೆ. ಪಾಸು ಮಾಡು ಎಂದು ಕೇಳಲು ಬಾಯಿ ಬರಲಿಲ್ಲ. ಗೊತ್ತಿರುವುದನ್ನು ಮರೆಸಬೇಡ ತಾಯಿ ಎಂದಷ್ಟೇ ಕೇಳಿಕೊಂಡೆ. ಉಡುಪಿಯಲ್ಲಿ ಇಳಿಯುವುದಕ್ಕೂ ಮಣಿಪಾಲದ ಬಸ್ಸು ಬರುವುದಕ್ಕೂ ಸರಿಹೋಯಿತು. ಇಂಥದ್ದನ್ನೆಲ್ಲ ನಾನು ಮನಸ್ಸಿನಲ್ಲಿ ಎತ್ತಿಟ್ಟುಕೊಳ್ಳುತ್ತೇನೆ. ದೊಡ್ಡದನ್ನು ಕೇಳುವ ಮೊದಲು ಕೊಟ್ಟ ಸಣ್ಣದಕ್ಕೆ ನಮಸ್ಕಾರ ಸಲ್ಲಬೇಕು.

ಕೇಂದ್ರದ ಬಾಗಿಲಲ್ಲಿ ನಿಂತಿದ್ದ ಹುಡುಗಿ ನನ್ನನ್ನು ನೋಡಿ ಹೇಳಿದಳು: "ಆಂಟಿ, ಪೇರೆಂಟ್ಸ್ ಎಲ್ಲ ಆ ಕಡೆ ಕೂತ್ಕೊಳ್ಳಿ. ಮಗಳ ಪರೀಕ್ಷೆಯಾ?"

"ಅಲ್ಲ ಮಗಾ, ನನ್ನದೇ."

ಅವಳು ನಾಲಿಗೆ ಕಚ್ಚಿಕೊಂಡಳು. ನನ್ನ ಪ್ರವೇಶಪತ್ರ ನೋಡಿ, ಎಸಿಯ ಗಾಳಿ ನೇರ ಬೀಳದ ಜಾಗದಲ್ಲಿ ಕೂರಿಸಿದಳು. "ನನ್ನ ಅಮ್ಮನಿಗೂ ಹೇಳ್ಬೇಕು ಇವತ್ತು" ಎಂದು ಮೆಲ್ಲಗೆ ಹೇಳಿ ಹೋದಳು.

ಈ ಸಲವೂ ಕಂಪ್ಯೂಟರ್ ಬಾಯಿ ಮುಚ್ಚಿ ಕೂತಿತ್ತು. ಆದರೆ ನನಗೆ ಅದರ ಹೂಂ ಬೇಕಾಗಲಿಲ್ಲ. ಗೊತ್ತಿದ್ದದ್ದು ಗೊತ್ತಿತ್ತು. ಗೊತ್ತಿಲ್ಲದವೂ ಇದ್ದವು, ಅವನ್ನು ಅಲ್ಲೇ ಬಿಟ್ಟು ಮುಂದೆ ಹೋದೆ. ಉದ್ದ ಉತ್ತರದ ಒಂದು ಪ್ರಶ್ನೆ ಹೀಗಿತ್ತು: ಮನೆಯ ಭಾಷೆ ಬೇರೆ, ಶಾಲೆಯ ಭಾಷೆ ಬೇರೆ ಇರುವ ಮಗು ತರಗತಿಯಲ್ಲಿ ಮಾತನ್ನೇ ಆಡದಿದ್ದರೆ ಶಿಕ್ಷಕಿ ಏನು ಮಾಡಬೇಕು?

ಪಾಠದಲ್ಲಿ ಇದಕ್ಕೊಂದು ದೊಡ್ಡ ಹೆಸರಿತ್ತು. ಅದು ನೆನಪಾಗಲಿಲ್ಲ. ನೆನಪಾದದ್ದು ನಮ್ಮ ಬಾಲವಾಡಿಯ ಒಂದು ಹೆಣ್ಣುಮಗು. ಮನೆಯಲ್ಲಿ ಬ್ಯಾರಿ ಭಾಷೆ. ಶಾಲೆಗೆ ಸೇರಿದ ಮೇಲೆ ಬಹಳ ದಿನ ಒಂದು ಮಾತೂ ಆಡಿರಲಿಲ್ಲ. ನಾನು ಅವಳ ತಾಯಿಯ ಹತ್ತಿರ ನೀರು, ಹಸಿವು, ನೋವು ಇದಕ್ಕೆಲ್ಲ ಅವರಲ್ಲಿ ಏನನ್ನುತ್ತಾರೆ ಎಂದು ಕೇಳಿ ಕಲಿತಿದ್ದೆ. ಮಾತಾಡು ಮಾತಾಡು ಎಂದು ಯಾವತ್ತೂ ಒತ್ತಾಯಿಸಲಿಲ್ಲ, ಪಕ್ಕದಲ್ಲಿ ಕೂರಿಸಿಕೊಂಡು ಅವಳ ಮಾತಿನಲ್ಲೇ ನೀರು ಬೇಕಾ ಎಂದು ಕೇಳುತ್ತಿದ್ದೆ. ನನ್ನ ಉಚ್ಚಾರ ಕೇಳಿ ಒಂದು ದಿನ ಅವಳು ಗಟ್ಟಿಯಾಗಿ ನಕ್ಕುಬಿಟ್ಟಳು. ತಿದ್ದಿಯೂ ಕೊಟ್ಟಳು. ಅವಳು ಶಾಲೆಯಲ್ಲಿ ಆಡಿದ ಮೊದಲ ಮಾತು ನನಗೆ ಕಲಿಸಿದ ಪಾಠ. ಅದನ್ನೇ ನನಗೆ ಬರುವ ಇಂಗ್ಲಿಷಿನಲ್ಲಿ, ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆದೆ. ಬರೆಯುವಾಗ ತುಟಿ ಅಲ್ಲಾಡಿರಬೇಕು. ಬಾಗಿಲ ಹುಡುಗಿ ಒಮ್ಮೆ ಹತ್ತಿರ ಬಂದು ನಿಂತಳು, ಕೇಳಿಸಿಕೊಂಡಳು, ಏನೂ ಹೇಳದೆ ಹೋದಳು.

ಫಲಿತಾಂಶ ಬೇಗ ಬರಲಿಲ್ಲ. ಮೇ ತಿಂಗಳು ಮುಗಿಯುತ್ತ ಬಂತು. ಮುಖ್ಯ ಶಿಕ್ಷಕಿ ಒಮ್ಮೆ ದಾರಿಯಲ್ಲಿ ಸಿಕ್ಕಿ, "ಬಂತಾ?" ಎಂದರು. "ಇಲ್ಲ" ಎಂದೆ. "ಉಡುಪಿಯಿಂದ ಒಬ್ಬರು ಕೇಳಿಕೊಂಡು ಬಂದಿದ್ದಾರೆ. ನಾನು ಇನ್ನೂ ಹೂಂ ಅನ್ಲಿಲ್ಲ" ಎಂದು ಹೇಳಿ, ನನ್ನ ಮುಖ ನೋಡಲಾರದೆ ಹೊರಟರು.

ಬಂದದ್ದು ಒಂದು ಮಧ್ಯಾಹ್ನ, ಊಟದ ಎಲೆ ಎತ್ತುವಾಗ. ಮೊಬೈಲ್ ಟಿಂಗ್ ಎಂದಿತು. ಕೈ ಒರೆಸಿಕೊಂಡು ನೋಡಿದರೆ ಕಾಲೇಜಿನ ಮೇಲ್. ತೆರೆಯಲು ಧೈರ್ಯ ಬರಲಿಲ್ಲ. ಶನಿವಾರ ಮಗಳು ಬಂದ ಮೇಲೆ ನೋಡಿದರಾಯಿತು ಎಂದು ಮೊಬೈಲನ್ನು ಕವುಚಿ ಇಟ್ಟೆ.

"ಎಂತ ಅದು?" ಎಂದರು ಅತ್ತೆ.

"ಫಲಿತಾಂಶ."

"ತೆರೆ ಮಾರಾಯ್ತಿ. ದೇವರು ಆಗಲೇ ನೋಡಿ ಆಗಿದೆ. ಬಾಕಿ ಇರುದು ನಾವಿಬ್ಬರೇ."

ತೆರೆದೆ. ಪಾಸು. ಕೊನೆಯ ಪರೀಕ್ಷೆಯಲ್ಲಿ ಬಂದದ್ದು ದೊಡ್ಡ ಮಾರ್ಕೇನೂ ಅಲ್ಲ, ಗೆರೆ ದಾಟಿ ಸ್ವಲ್ಪ ಮುಂದೆ ನಿಂತಿದ್ದೆ ಅಷ್ಟೆ. ಅಷ್ಟು ಸಾಕಿತ್ತು. ಅತ್ತೆಗೆ ಓದಿ ಹೇಳಿದೆ. ಅವರು ಎದ್ದು ದೇವರ ಕೋಣೆಗೆ ಹೋಗಿ ತುಪ್ಪದ ದೀಪ ಹಚ್ಚಿದರು. ಹೊರಗೆ ಬಂದು, "ಬೆಳಗಿನ ತಿಂಡಿ ಇನ್ನು ನನಗಿರ್ಲಿ. ದೋಸೆ ಸೀದರೆ ಯಾರೂ ಮಾತಾಡ್ಬಾರ್ದು" ಎಂದರು.

ಕೊನೆಯ ಪರೀಕ್ಷೆ ಎಂಬುದು ದಯೆಯುಳ್ಳ ವಸ್ತು ಎಂದು ನಾನು ಈಗಲೂ ಹೇಳುವುದಿಲ್ಲ. ಎಷ್ಟೋ ಹೆಂಗಸರು ನನ್ನ ಹಾಗೆಯೇ ಹಸಿರು ಗುರುತು ನೋಡಿ ನಂಬಿ, ಒಮ್ಮೆ ಬಿದ್ದ ಮೇಲೆ ಮತ್ತೆ ಎದ್ದು ಬರೆಯಲಾರದೆ ಬಿಟ್ಟಿರಬಹುದು. ಅವರ ಮನೆಯಲ್ಲಿ ಬಸಳೆ ಹೆಚ್ಚಿಕೊಡುವ ಅತ್ತೆ ಇಲ್ಲದಿರಬಹುದು. ಆ ಪರೀಕ್ಷೆಯೇ ಇಲ್ಲದಿದ್ದರೆ ನಾನು ಮೊದಲೇ ಪಾಸಾಗುತ್ತಿದ್ದೆ, ಅದೂ ಸತ್ಯ. ಆದರೆ ಆಗ ಮಕ್ಕಳ ಎದುರು ನಿಂತಾಗ ನನ್ನ ಕೈಗೆ ಏನು ಗೊತ್ತಿರುತ್ತಿತ್ತು ಎಂದು ಯೋಚಿಸುತ್ತೇನೆ.

ಜೂನಿನ ಮೊದಲ ದಿನ ಬಾಲವಾಡಿಯಲ್ಲಿ ಅಳುವೋ ಅಳು. ಹೊರಗೆ ಒದ್ದೆ ಕೊಡೆಗಳ ಸಾಲು, ಒಳಗೆ ಹೊಸ ಮಕ್ಕಳ ರಾಗ. ಒಬ್ಬ ತಾಯಿ ಮಗನನ್ನು ಸೊಂಟದಿಂದ ಇಳಿಸಲಾರದೆ ಬಾಗಿಲಲ್ಲೇ ನಿಂತಿದ್ದಳು. ಮಗನಿಗಿಂತ ಅವಳ ಕಣ್ಣೇ ಹೆಚ್ಚು ತುಂಬಿತ್ತು.

"ಟೀಚರ್ ಯಾರು?" ಎಂದು ಮುಖ್ಯ ಶಿಕ್ಷಕಿಯನ್ನು ಕೇಳಿದಳು.

ಮುಖ್ಯ ಶಿಕ್ಷಕಿ ನನ್ನ ಕಡೆ ಕೈ ತೋರಿಸಿದರು.

ನಾನು ಕೈ ಚಾಚಿದೆ. ಮಗು ಬರಲಿಲ್ಲ. ತಾಯಿಯ ಕುತ್ತಿಗೆಯನ್ನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡಿತು.

"ಅವಸರ ಇಲ್ಲ" ಎಂದೆ. "ನೀವೂ ಒಳಗೆ ಬನ್ನಿ, ಇಬ್ಬರೂ ಸ್ವಲ್ಪ ಹೊತ್ತು ಕೂತ್ಕೊಳ್ಳಿ."